ಉಪ್ಪಿನ ಡಬ್ಬಿಯ ಗೆರೆ

ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. "ಲೇ, ಬೂಟಿನೊಳಗೆ ಕಾಲೇ ಹೋಗ್ತಿಲ್ಲ ನೋಡು," ಎಂದು ಇವರು ಕೂಗಿದರು. ಪಾದ ಮತ್ತೆ ಊದಿತ್ತು. ಉಪ್ಪು ಹೆಚ್ಚಾದರೆ ಆಸ್ಪತ್ರೆಯೇ ಗತಿ ಎಂದು ಡಾಕ್ಟರು ಎಚ್ಚರಿಸಿದ್ದರು. ಅದಕ್ಕೇ ತಿಂಗಳಿಂದ ಇವರ ಪಾಲನ್ನು ಬೇರೆ ತೆಗೆದಿಟ್ಟು, ನಿಂಬೆರಸ, ಹುರಿದ ಬೆಳ್ಳುಳ್ಳಿ, ಕಾಳುಮೆಣಸಿನಲ್ಲೇ ರುಚಿ ತರುತ್ತಿದ್ದೆ.

ಅನುಮಾನ ಬಂದು ನಿನ್ನೆ ಅಡುಗೆ ಮುಗಿಸಿ ಉಪ್ಪಿನ ಗಾಜಿನ ಡಬ್ಬಿಯ ಮೇಲೆ ಗೆರೆ ಎಳೆದಿದ್ದೆ. ಈಗ ನೋಡಿದರೆ ಉಪ್ಪು ಅದಕ್ಕಿಂತ ಕೆಳಗಿಳಿದಿತ್ತು.

"ಕದ್ದು ಹಾಕ್ಕೊಳ್ತಿದ್ದೀರಾ?"

"ನಿನ್ನಾಣೆ ಇಲ್ಲ ಕಣೇ. ನಿನ್ನ ಕೈರುಚಿ ಅಂದ್ಕೊಂಡಿದ್ದೆ."

ಅತ್ತೆಯ ಕಡೆ ತಿರುಗಿದೆ.

"ನನ್ನನ್ನೇನು ನೋಡ್ತೀಯ? ಅವನ ತಟ್ಟೆ ತಂದಿಡೋಳು ನಿನ್ನ ಮಗಳು."

ಬಾಗಿಲಲ್ಲಿ ನಿಂತಿದ್ದ ಮಗಳ ಕಣ್ಣು ತುಂಬಿತ್ತು. ಗದರದೆ ಹತ್ತಿರ ಕರೆದೆ.

"ಅಮ್ಮಾ, ಎಲ್ಲರಿಗೂ ಉಪ್ಪು ಹಾಕಿ ಅಪ್ಪಂಗೆ ಮಾತ್ರ ಹಾಕಲ್ವಲ್ಲ, ಅಪ್ಪನ ಮೇಲೆ ನಿಂಗೆ ಅಷ್ಟೊಂದು ಕೋಪನಾ?"