ಮುಳ್ಳು ನಿಲ್ಲುವವರೆಗೆ

“ಫ್ಯಾನ್ ಆರಿಸಿ! ಅಳೋರು ಒಂದು ಗಳಿಗೆ ತಡ್ಕೊಳ್ಳಿ!” ಎನ್ನುತ್ತ ಮಗಳು ಅಪ್ಪನ ಕೆಲಸದ ಕೋಣೆಗೆ ನುಗ್ಗಿದಳು. ನಡುಮನೆಯಲ್ಲಿ ಅಪ್ಪನ ದೇಹ ಮಲಗಿತ್ತು. ಎದೆ ಬಡಿದುಕೊಳ್ಳುತ್ತಿದ್ದ ಸೋದರತ್ತೆಯ ಕೈ ಅಲ್ಲೇ ನಿಂತಿತು.

“ಇದೇನೇ ಇದು! ಸಾವಿನ ಮನೇಲಿ ಅಳೋಕೂ ಅಪ್ಪಣೆ ಬೇಕಾ?”

“ನಿಮ್ಮಣ್ಣ ಇದ್ದಾಗ ಸೀನೋಕೂ ಬೇಕಿತ್ತಲ್ಲ,” ಎಂದಳು ಅಮ್ಮ. ಕೂತಿದ್ದವರೆಲ್ಲ ಕಿಸಕ್ಕನೆ ನಕ್ಕರು.

ತಕ್ಕಡಿ ಸರಿಮಾಡುವ ಆತನನ್ನು ಬೀದಿಯವರು ಕರೆಯುತ್ತಿದ್ದದ್ದೇ ‘ಶ್ ಮಾಮ’ ಎಂದು. ಔಷಧಿ ಅಂಗಡಿಯವರ ಸೂಕ್ಷ್ಮ ತಕ್ಕಡಿ ಅರ್ಧ ಕೆಲಸವಾಗಿ ಮೇಜಿನ ಮೇಲಿತ್ತು. ಯಾರಾದರೂ ಜೋರಾಗಿ ಉಸಿರು ಬಿಟ್ಟರೂ ಸಾಕು, ಅದರ ಮುಳ್ಳು ತೂಗಾಡುತ್ತಿತ್ತು.

ಅಂಗಡಿಯವರು ಬಾಗಿಲಲ್ಲಿ ಮುದುಡಿ ನಿಂತಿದ್ದರು. “ಇವತ್ತು ಬೇಡಮ್ಮ. ಕೂಸುಗಳ ಔಷಧಿ ಹೇಗಾದ್ರೂ ಬೇರೆ ಎಲ್ಲಾದ್ರೂ ತೂಗಿಸಿ…”

“ಎಲ್ಲಾದ್ರೂ ಅಂದ್ರೆ ಎಲ್ಲಿ? ನಿಮ್ಮ ಹತ್ರ ಇರೋ ಸೂಕ್ಷ್ಮ ತಕ್ಕಡಿನೇ ಇದೊಂದು. ಇವತ್ತು ಕೊಡ್ತೀನಿ ಅಂತ ಅಪ್ಪ ಮಾತು ಕೊಟ್ಟಿದ್ರು.”

ಮಗಳು ತೂಕದ ಬಟ್ಟನ್ನು ಚಿಮಟದಲ್ಲಿ ಹಿಡಿದು ತಟ್ಟೆಗೆ ಇಟ್ಟಳು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಮುಳ್ಳು ನಡುಗೆರೆಗೆ ಬಂದು ನಿಂತಿತು. ಅವಳ ಮುಖ ಮಾತ್ರ ಸಪ್ಪಗಾಯಿತು. ಸರಿಮಾಡಿದವರೇ ಸರಿ ಅನ್ನಬಾರದು, ಇನ್ನೊಬ್ಬರು ನೋಡಿ ಒಪ್ಪಲೇಬೇಕು ಅನ್ನುವುದು ಅಪ್ಪನ ಕಟ್ಟುನಿಟ್ಟು. ಇವಳ ಕೆಲಸವನ್ನು ಅವನೇ ನೋಡುತ್ತಿದ್ದ.

“ಇನ್ನು ಯಾರು ನೋಡ್ತಾರೆ?” ಎಂದು ಬಿಕ್ಕಿದಳು. ಮುಳ್ಳು ನಡುಗಿತು.

*

ಅಪ್ಪ ಅಮ್ಮನ ಮದುವೆಯಾದ ಹೊಸತು. ಹೆಂಡತಿ ಚಹಾ ಹಿಡಿದು ನಗುತ್ತ ಅದೇ ಕೋಣೆಗೆ ಬಂದಿದ್ದಳು.

“ಶ್! ನೀನು ನಕ್ಕರೆ ಮುಳ್ಳು ಕುಣಿಯುತ್ತೆ ಕಣೇ.”

“ಹಾಗಾದ್ರೆ ಅದನ್ನೇ ಕಟ್ಕೋಬೇಕಿತ್ತು!”

ಆಮೇಲೆ ಅವಳು ಆ ಹೊಸಿಲು ದಾಟಿದ್ದರೆ ಕೇಳಿ. ಅವನೋ, ದಿನವೂ ಕೆಲಸ ಬಿಟ್ಟು ಎದ್ದು ಬಂದು, ಅಡುಗೆಮನೆಯಲ್ಲಿ ಅವಳ ಪಕ್ಕ ಕೂತೇ ಚಹಾ ಕುಡಿದ. ಅಲ್ಲಿ ಎಷ್ಟು ಬೇಕೋ ಅಷ್ಟು ನಗಿಸಿದ.

*

“ಸರಿ ಬಿಡು, ನಾನು ನೋಡ್ತೀನಿ,” ಎಂದು ಅಮ್ಮ ಎದ್ದಳು.

“ನೀನಾ? ನೀನು ಇಲ್ಲಿಗೆ ಬರೋದೇ ಇಲ್ವಲ್ಲಮ್ಮ!”

“ಆ ಜಗಳ ನಿಮ್ಮಪ್ಪನ ಜೊತೆ. ಏನು ನೋಡ್ಬೇಕು ಹೇಳು.”

“ಮುಳ್ಳು ನಡುಗೆರೆ ಮೇಲೇ ಇದೆಯಾ ಅಂತ. ಉಸಿರು ಬಿಡಬಾರದು.”

ಅಮ್ಮ ಒಳಗೆ ಬಂದಳು. ಅವನ ಸ್ಟೂಲು ಕಂಡದ್ದೇ, ಬೆಳಗಿನಿಂದ ಒಣಗಿದ್ದ ಕಣ್ಣು ತುಂಬಿಬಂತು. ಅಂಗೈಯಲ್ಲಿ ಬಾಯಿ ಬಿಗಿಯಾಗಿ ಮುಚ್ಚಿ ತಕ್ಕಡಿಯತ್ತ ಬಗ್ಗಿದಳು. ನಡುಮನೆಯಲ್ಲಿ ನೆಂಟರೆಲ್ಲ ಉಸಿರು ಹಿಡಿದರು. ಅಂಗಡಿಯವರು ಮೂಗನ್ನೇ ಹಿಡಿದುಕೊಂಡರು.

ಕಣ್ಣೀರು ಕೆನ್ನೆಯಿಂದ ಗದ್ದಕ್ಕೆ ಇಳಿಯುತ್ತಿದ್ದರೂ ಅಮ್ಮ ಅಲುಗಲಿಲ್ಲ. ಮುಳ್ಳೂ ಅಲುಗಲಿಲ್ಲ.