ಕಿವಿ ಹಿಡ್ಕೋ

ಸುಟ್ಟ ಕೂದಲಿನ ವಾಸನೆಯಲ್ಲ, ಕೆಳಗಿನ ಅಡುಗೆಮನೆಯಲ್ಲಿ ಕೋಳಿ ಕರಿಯುತ್ತಿದ್ದಾರೆ ಅಷ್ಟೆ, ಭಾನುವಾರ ಚರ್ಚಿಗೆ ಬಂದರೆ ಬರುವ ವಾಸನೆಯೇ ತಾನೆ, ಆದರೂ ವರ್ನೀಸಳ ಎಡಗಿವಿ ಚುರ್ರೆಂದಿತು, ಹಳೆಯ ಗಾಯ, ಮಾಯ್ದು ಎಷ್ಟೋ ವರ್ಷವಾಯಿತು, ಕಿವಿಯ ಮೇಲಂಚಿನಲ್ಲಿ ಒಂದು ನುಣುಪು ಕಲೆ ಉಳಿದಿದೆ — ಅಂದು ಒಲೆಯ ಮೇಲೆ ಕೂದಲು ನೆಟ್ಟಗೆ ಮಾಡುವ ಕಬ್ಬಿಣದ ಬಾಚಣಿಗೆ ಕಾಯಿಸುತ್ತ ಒಸೀ ಚಿಕ್ಕಮ್ಮ ಹೇಳುತ್ತಾಳೆ, ಕಿವಿ ಹಿಡ್ಕೋ ಚಿನ್ನಾ, ಮಡಚಿ ಗಟ್ಟಿಯಾಗಿ ಹಿಡ್ಕೋ, ಅಲ್ಲಾಡಿದ್ರೆ ಸುಡತ್ತೆ ನೋಡು, ಈ ಗುಂಗುರು ಪೊದೆ ಹೊತ್ಕೊಂಡು ಹೋದ್ರೆ ಆ ಬಿಳೀ ಜನ ನಿನ್ನ ಹೊಸಿಲು ದಾಟಿಸ್ತಾರಾ — ಅಲ್ಲಾಡಿದಳು, ಸುಟ್ಟಿತು, ಆಮೇಲೆ ಜನ್ಮದಲ್ಲಿ ಅಲ್ಲಾಡಲಿಲ್ಲ. ಈಗಲೂ ಅಲ್ಲಾಡುವಂತಿಲ್ಲ, ಇವತ್ತು ಚರ್ಚಿಗೆ ಬಂದವರನ್ನು ಕೂರಿಸುವ ಪಾಳಿ, ನಡುವಿನ ಸಾಲು ಅವಳದು, ಬಿಳಿ ಉಡುಪು, ಬಿಳಿ ಕೈಗವಸು, ಎಡಗೈ ಬೆನ್ನ ಹಿಂದೆ, ಸಾಲು ಕಾಯುವವರು ಬಾಯಿ ಬಿಡಬಾರದು, ಬನ್ನಿ ಕೂತ್ಕೊಳ್ಳಿ ತಡೆಯಿರಿ ಎಲ್ಲ ಕೈಸನ್ನೆಯಲ್ಲೇ, ಮಾತಿಲ್ಲದ ಈ ಕೆಲಸ ಅವಳಿಗೆ ಮೊದಲಿನಿಂದಲೂ ಹಿತ, ಮಾತು ಆಡಿಯೇ ತಾನೆ ಗುರುವಾರ ಎಲ್ಲ ಕೆಟ್ಟದ್ದು. ಬೇಡ, ಗುರುವಾರದ ಮಾತು ಬೇಡ, ಹಾಡಿಗೆ ಮನಸ್ಸು ಕೊಡು, ಆದರೆ ಮುಂದಿನ ಬೆಂಚಿನಲ್ಲಿ ಚರ್ಚಿನ ಹಿರಿಯಜ್ಜಿ ಮದರ್ ಪ್ರೂಯಿಟ್‌ರ ದೊಡ್ಡ ನೇರಳೆ ಟೋಪಿ, ಅದರ ಪಕ್ಕದಲ್ಲಿ ಒಂದು ತಲೆ, ನೆತ್ತಿಯಿಂದ ಬೆನ್ನಿನವರೆಗೂ ಸಣ್ಣ ಸಣ್ಣ ಜಡೆ, ತುದಿಗೊಂದೊಂದು ಕವಡೆ. ದೇವರೇ, ಆ ಕವಡೆಗಳು.

ಬೇರೆ ಯಾರೋ ಇರಬಹುದು, ಮೆಂಫಿಸ್‌ನಲ್ಲಿ ಜಡೆಗೇನು ಬರ, ಆದರೆ ಆ ಕವಡೆಗಳ ಸದ್ದು ಗುರುವಾರ ಆಫೀಸಿನ ಕಾರಿಡಾರಿನಲ್ಲಿ ಕೇಳಿದ್ದಳಲ್ಲ, ಇನ್ಶೂರೆನ್ಸ್ ಕಂಪನಿಯ ಆ ಮಹಡಿಯಲ್ಲಿ ಇಷ್ಟು ವರ್ಷ ವರ್ನೀಸ್ ಒಬ್ಬಳೇ ಕರಿಯಳು, ಬಾಗಿಲ ಬಳಿ ಸಂದರ್ಶನಕ್ಕೆ ಕಾಯುತ್ತ ಕೂತಿದ್ದ ಹುಡುಗಿ ತಲೆ ಎತ್ತಿದಳು, ವರ್ನೀಸ್ ಗೋಣು ಹಾಕಿದಳು, ಹಾಕದೆ ಇರಲಾಗುತ್ತದೆಯೇ, ಊರಾಚೆ ಎಲ್ಲಿ ಕಂಡರೂ ನಮ್ಮವರು ನಮ್ಮವರಿಗೆ ಹಾಕುವ ಗೋಣು ಅದು, ಗುರುತಿರಬೇಕೆಂದಿಲ್ಲ, ನಾನಿದ್ದೀನಿ ಅಂತ ಅದರ ಅರ್ಥ, ಒಸೀ ಚಿಕ್ಕಮ್ಮ ಬಸ್ಸಿನ ಕಿಟಕಿಯಿಂದಲೂ ಹಾಕುತ್ತಿದ್ದಳು. ಹುಡುಗಿ ಚೆನ್ನಾಗಿ ಉತ್ತರ ಕೊಟ್ಟಳು, ಎಲ್ಲರಿಗಿಂತ ಚೆನ್ನಾಗಿ, ಅವಳು ಹೋದ ಮೇಲೆ, ವರ್ನೀಸಳ ಜೊತೆ ಸಂದರ್ಶನಕ್ಕೆ ಕೂತಿದ್ದ ಬಿಳಿಯ ಮ್ಯಾನೇಜರ್ ಡಗ್ ಪೆನ್ನು ಕೆಳಗಿಟ್ಟು, ನೀವೇ ಹೇಳಿ ವರ್ನೀಸ್, ನಿಮಗೆ ಸರಿ ಅನ್ಸಿದ್ರೆ ನಮಗೂ ಸರಿ, ಅಂದ. ಪಾಪ, ಒಳ್ಳೆಯವನೇ ಡಗ್, ಕೈ ಕೊಳೆ ಮಾಡಿಕೊಳ್ಳದ ಒಳ್ಳೆಯವನು. ಒಂದು ಹೂಂ ಸಾಕಿತ್ತು, ಅವಳ ಒಂದೇ ಒಂದು ಹೂಂ — ಜಾಣೆ, ಆದ್ರೆ ನಮ್ಮಲ್ಲಿ ಹೊಂದ್ಕೊಳ್ಳೋದು ಕಷ್ಟ ಅನ್ಸತ್ತೆ, ಅಂದಳು, ಎಷ್ಟು ಮೆತ್ತಗೆ, ಎಷ್ಟು ನಾಜೂಕು, ಡಗ್ ಹಾಯಾಗಿ ಉಸಿರು ಬಿಟ್ಟ, ಸೋಮವಾರ ಫೋನ್ ಮಾಡಿ ಹೇಳಿಬಿಡ್ತೀನಿ ಅಂದ. ಕೊಡಲಿ ಕಾವು ಕುಲಕ್ಕೆ ಮೃತ್ಯು. ಯಾಕೆ ಅಂದೆ, ಯಾಕೆ, ಜಡೆ ಕಂಡು ಅಸೂಯೆಯೇ, ಇಬ್ಬರಾದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆಂದು ಭಯವೇ, ಇಷ್ಟು ವರ್ಷ ತಾನು ಸುಟ್ಟುಕೊಂಡು ಒಳಗೆ ಹೋದ ಬಾಗಿಲಲ್ಲಿ ಇವಳು ಕವಡೆ ಕಿಣಿಕಿಣಿ ಮಾಡುತ್ತ ನಡೆದು ಬಂದಳೆಂದೇ — ಹೌದು, ಅದೇ, ಥೂ, ಅದೇ.

ಹೊಸಬರು ಎದ್ದು ನಿಲ್ಲಿ ಎಂದರು ಪಾದ್ರಿ, ಜಡೆಗಳು ಎದ್ದವು, ನಾನು ಜಮೇಲಾ, ಮದರ್ ಪ್ರೂಯಿಟ್ ಮೊಮ್ಮಗಳು, ಅಜ್ಜಿನ ನೋಡ್ಕೊಳ್ಳೋಕೆ ಬಂದಿದೀನಿ, ಒಂದು ಕೆಲ್ಸಕ್ಕೆ ಹೋಗಿದ್ದೆ, ಹೆದ್ರಿಕೊಂಡು ಕೂತಿದ್ದೆ, ಅಷ್ಟರಲ್ಲಿ ನಮ್ಮವ್ರು ಒಬ್ರು ನನ್ನ ನೋಡಿ ಗೋಣು ಹಾಕಿದ್ರು, ಅಷ್ಟೇ, ಭಯ ಎಲ್ಲ ಇಳಿದೋಯ್ತು, ಸೋಮವಾರ ತಿಳಿಯತ್ತೆ, ನನಗೋಸ್ಕರ ಪ್ರಾರ್ಥನೆ ಮಾಡಿ — ಹೇಳು ಮಗಳೇ, ಆಮೆನ್, ಆ ತಾಯಿನ ದೇವ್ರೇ ಅಲ್ಲಿ ಕೂರಿಸಿದ್ದಾನೆ, ಅನ್ನುತ್ತಾರೆ ಮದರ್ ಪ್ರೂಯಿಟ್, ಚರ್ಚಿಗೆ ಚರ್ಚೇ ಹೌದು ಹೌದು ಅನ್ನುತ್ತದೆ, ಆರ್ಗನ್ ಸಣ್ಣಗೆ ಶುರುವಾಗುತ್ತದೆ, ನೂರು ಕೈಗಳು ಹುಡುಗಿಯ ಕಡೆ ಚಾಚಿವೆ, ವರ್ನೀಸಳ ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ. ಹುಡುಗಿ ಅಳುತ್ತಿದ್ದಾಳೆ, ಅತ್ತವರಿಗೆ ಕರವಸ್ತ್ರ ಕೊಡುವುದು ಸಾಲಿನವಳ ಕೆಲಸ, ಈ ಸಾಲು ಇವಳದು, ಹೋಗಲೇಬೇಕು, ಕಾಲು ತಾವಾಗಿಯೇ ಹೋದವು, ಕೈಗವಸಿನ ಕೈ ಕರವಸ್ತ್ರ ಚಾಚಿತು, ಹುಡುಗಿ ಒದ್ದೆ ಕಣ್ಣೆತ್ತಿದಳು — ಅಯ್ಯೋ, ನೀವೇ! ಅಜ್ಜೀ, ಇವ್ರೇ ಅಜ್ಜೀ! ಮದರ್ ಪ್ರೂಯಿಟ್ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಗವಸಿನ ಮೇಲೇ ಮುತ್ತಿಟ್ಟರು, ನಿನ್ನ ಹೊಟ್ಟೆ ತಣ್ಣಗಿರ್ಲಿ ವರ್ನೀಸ್. ಹೇಳಿಬಿಡು, ಈಗಲೇ ಹೇಳು, ಇಲ್ಲವೇ ನಾಳೆ ಬೆಳಿಗ್ಗೆ ಡಗ್ ಬರುವ ಮೊದಲೇ ಬಾಗಿಲಲ್ಲಿ ನಿಂತು ತಪ್ಪಾಯ್ತು ಅನ್ನು, ಸಾಲು ಕಾಯುವವರು ಬಾಯಿ ಬಿಡಬಾರದು — ಹುಡುಗಿ ಹತ್ತಿರ ಬಗ್ಗಿ ಪಿಸುಗುಡುತ್ತಿದ್ದಾಳೆ, ಆಂಟೀ, ನಿಜ ಹೇಳಿ, ಕೆಲಸ ಸಿಕ್ರೆ ಈ ಜಡೆ ಬಿಚ್ಚಿ ನಿಮ್ಮ ಥರಾನೇ ನೆಟ್ಟಗೆ ಮಾಡಿಸ್ಕೊಳ್ಲಾ, ಅಜ್ಜಿ ಆಗ್ಲೇ ಕಬ್ಬಿಣದ ಬಾಚಣಿಗೆ ಹುಡುಕಿಟ್ಟಿದಾರೆ — ಜಡೆ ಹಿಂದಕ್ಕೆ ಸರಿದಿದೆ, ಹುಡುಗಿಯ ಕಿವಿ ಕಾಣುತ್ತಿದೆ, ಕಲೆಯಿಲ್ಲದ ಪೂರ್ತಿ ಕಿವಿ, ಯಾವ ಕಬ್ಬಿಣವೂ ಮುಟ್ಟಿಲ್ಲದ್ದು, ಉತ್ತರಕ್ಕೆ ಕಾಯುತ್ತಿದೆ, ಎಲ್ಲರೂ ನೋಡುತ್ತಿದ್ದಾರೆ, ವರ್ನೀಸಳ ಬಲಗೈ ಮೇಲೇಳುತ್ತಿದೆ, ಬನ್ನಿ ಅನ್ನುವ ಸನ್ನೆಯಲ್ಲ, ಕೂತ್ಕೊಳ್ಳಿ ಅನ್ನುವುದೂ ಅಲ್ಲ, ಬೆನ್ನ ಹಿಂದಿನ ಎಡಗೈಯೂ ಬಂದಿತು, ಗವಸಿನ ಬಿಳಿ ಬೆರಳು ತನ್ನದೇ ಕಿವಿ ಮಡಚಿ ಹಿಡಿದಿವೆ, ಗಟ್ಟಿಯಾಗಿ, ಒಸೀ ಚಿಕ್ಕಮ್ಮನ ದನಿಯಲ್ಲಿ, ಅಲ್ಲಾಡ್ಬೇಡ ಚಿನ್ನಾ, ಕಿವಿ ಹಿಡ್ಕೋ, ಕಿವಿ