ಪಿಳ್ಳಪ್ಪನವರ ನಿದ್ದೆಗೊಂದು ಲಿಥಿಯಂ ಬ್ಯಾಟರಿ

ಹಲಸೂರಿನ ತಮ್ಮ ಮನೆಯ ಮುಂದೆ ನಿಲ್ಲಿಸಿದ್ದ ಪಿಕಪ್ ಗಾಡಿಯನ್ನು ಯಾರೋ ಬಗ್ಗಿ ಬಗ್ಗಿ ನೋಡುತ್ತಿರುವುದು ಕಿಟಕಿಯಿಂದ ಕಂಡು ಮುನಿವೆಂಕಟಮ್ಮ ಹೊರಗೆ ಬಂದರು.

"ಏನ್ ಬೇಕಿತ್ತಪ್ಪಾ?"

"ಗಾಡಿ ಮಾರಾಟಕ್ಕಿದೆ ಅಂತ ಬೋರ್ಡಿದೆಯಲ್ಲಮ್ಮ," ಎಂದ ಆತ. ಹೆಸರು ಫಹೀಮ್, ಗಾಡಿಯಲ್ಲಿ ಜ್ಯೂಸ್ ಅಂಗಡಿ ಇಡಲು ಹೊರಟವನು. "ಒಳಗಿರೋ ಹಾಸಿಗೆ, ಸಿಂಕು ಎಲ್ಲಾ ಕಿತ್ತಾಕಿಬಿಟ್ರೆ ಒಳ್ಳೇ ಜಾಗ ಸಿಗುತ್ತೆ."

ಹಾಸಿಗೆ ಕೀಳುವ ಮಾತು ಕೇಳಿ ಮುನಿವೆಂಕಟಮ್ಮನವರಿಗೆ ಮೈಯೆಲ್ಲ ಉರಿಯಿತು. ಗಾಡಿಯ ಹಿಂದೆ ಹೋಗಿ ನೋಡಿದರೆ ನಿಜವಾಗಿಯೂ ಬೋರ್ಡು. ಪರಪರನೆ ಕಿತ್ತು ಕಂಕುಳಲ್ಲಿಟ್ಟುಕೊಂಡರು. "ಮಾರೋಕಲ್ಲಪ್ಪ ಇದು. ಯಾರೋ ಬುದ್ಧಿ ಇಲ್ದೋರು ಅಂಟಿಸಿದಾರೆ."

ಬುದ್ಧಿ ಇಲ್ಲದವರು, ಅಂದರೆ ಅವರ ಯಜಮಾನರು ಪಿಳ್ಳಪ್ಪ, ಮನೆಯೊಳಗೆ ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದರು.

ಪಿಳ್ಳಪ್ಪ ನಿವೃತ್ತಿಯವರೆಗೂ ಸಿಟಿ ಬಸ್ ಓಡಿಸಿದವರು. ಮುನಿವೆಂಕಟಮ್ಮ ಕೆ.ಆರ್. ಪುರದ ಕಡೆ ಫೋನ್ ತಯಾರಿಸುವ ಕಾರ್ಖಾನೆಯಲ್ಲಿ ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದೇ ಕೂದಲು ಬಿಳಿ ಮಾಡಿಕೊಂಡವರು. ಇಬ್ಬರಿಗೂ ಬಿಡುವು ಸಿಕ್ಕಿದ್ದೇ ಒಂದು ಹಳೆಯ ಪಿಕಪ್ ತಂದು, ಅದರ ಬೆನ್ನ ಮೇಲೆ ಪುಟ್ಟ ಕೋಣೆ ಕಟ್ಟಿಸಿದರು. ಅದರಲ್ಲಿ ಹಾಸಿಗೆ, ಸ್ಟೌವ್, ಫ್ಯಾನು. ಕೈವಾರ, ಆವಣಿ, ಒಮ್ಮೆ ಹಂಪೆಯವರೆಗೂ ಹೋಗಿ ಬಂದರು. ದಾರಿಯ ಚಹಾ ಅಂಗಡಿಗಳಲ್ಲಿ ಜನ ಇವರನ್ನು ಜೇನುತುಪ್ಪ ಮಾರುವವರೆಂದು ತಿಳಿದು ಬಾಟಲಿ ಎಷ್ಟು ಎಂದು ಕೇಳುತ್ತಿದ್ದರು.

ಹೋದ ವರ್ಷ ಪಿಳ್ಳಪ್ಪನವರ ಗೊರಕೆ ಬರೀ ಗೊರಕೆಯಲ್ಲ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುವ ಕಾಯಿಲೆ ಎಂದು ಡಾಕ್ಟರು ಹೇಳಿದರು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಲಗಲು ಒಂದು ಮೆಷಿನ್ ಬಂತು. ಕಳೆದ ಸಲ ಕೈವಾರಕ್ಕೆ ಅದನ್ನೂ ಒಯ್ದಿದ್ದರು. ಗಾಡಿಯಲ್ಲಿದ್ದ ಎರಡು ಹಳೆಯ ಆಸಿಡ್ ಬ್ಯಾಟರಿಗಳು ಬೆಳಗಾಗುವ ಮುಂಚೆಯೇ ಕೈಕೊಟ್ಟವು, ಮೆಷಿನ್ ನಿಂತುಹೋಯಿತು. ಗಂಡನ ಉಸಿರು ಕಟ್ಟಿದಾಗಲೆಲ್ಲ ಭುಜ ಅಲುಗಿಸುತ್ತ ಮುನಿವೆಂಕಟಮ್ಮ ಎದ್ದೇ ಕೂತಿದ್ದರು. ಬೆಳಿಗ್ಗೆ ಅವರ ಕೆಂಪು ಕಣ್ಣು ನೋಡಿ ಪಿಳ್ಳಪ್ಪನವರಿಗೆ ಎಲ್ಲ ಅರ್ಥವಾಗಿತ್ತು. ಊರಿಗೆ ಬಂದವರೇ ಹೆಂಡತಿಗೆ ಹೇಳದೆ ಬೋರ್ಡ್ ಬರೆಸಿ ಗಾಡಿಗೆ ಅಂಟಿಸಿದ್ದರು.

"ನಿನ್ ನಿದ್ದೆ ಕೆಡ್ಸಿ ನಾನ್ ಊರ್ ಸುತ್ಬೇಕಾ? ಸಾಕ್ ಬಿಡು," ಎಂದರು, ಹೆಂಡತಿ ಆ ಬೋರ್ಡನ್ನು ತಂದು ಮುಂದಿಟ್ಟಾಗ ಪೇಪರ್ ಇಳಿಸದೆಯೇ.

"ಕೆಟ್ಟಿರೋದು ಬ್ಯಾಟ್ರಿ ಕಣ್ರೀ. ಬ್ಯಾಟ್ರಿ ಕೆಟ್ರೆ ಯಾರಾದ್ರೂ ಗಾಡಿ ಮಾರ್ತಾರಾ? ಏಳಿ, ಶಿವಾಜಿನಗರಕ್ಕೆ ಹೋಗೋಣ."

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಸಕ್ಲೇನ್ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದ. ಹಳೆಯ ಬ್ಯಾಟರಿಗಳನ್ನು ನೋಡಿದವನೇ ತಲೆಯಾಡಿಸಿದ. "ಇವು ಮುಗೀತಮ್ಮಾ. ಲಿಥಿಯಂ ಹಾಕಿ. ಒಂದೇ ಸಾಕು, ರಾತ್ರಿಯೆಲ್ಲಾ ಮೆಷಿನ್ ಓಡ್ತದೆ."

"ಕರೆಂಟ್ ಸ್ಕೂಟರ್‌ಗಳು ಧಗಧಗ ಅಂತ ಉರಿಯುತ್ವಲ್ಲಾ, ಅದೇ ತಾನೇ?" ಎಂದರು ಪಿಳ್ಳಪ್ಪ.

"ಇದು ಬೇರೆ ಜಾತಿ ಚಾಚಾ, ಫಾಸ್ಫೇಟ್‌ದು. ಅಷ್ಟು ಸುಲಭಕ್ಕೆ ಬೆಂಕಿ ಹತ್ತೋದಿಲ್ಲ. ತಪ್ಪಾದ್ರೆ ತಾನೇ ಆಫ್ ಆಗೋ ಸರ್ಕ್ಯೂಟೂ ಒಳಗೇ ಇರ್ತದೆ."

ಹಳೆಯ ಬ್ಯಾಟರಿಗಳನ್ನು ಇಳಿಸಲು ಇಬ್ಬರು ಗಂಡಸರು ಏದುಸಿರು ಬಿಡಬೇಕಾಯಿತು. ಹೊಸದನ್ನು ಮುನಿವೆಂಕಟಮ್ಮ ನೀರಿನ ಬಿಂದಿಗೆಯಂತೆ ಸೊಂಟಕ್ಕಿಟ್ಟುಕೊಂಡು ತಾವೇ ಗಾಡಿಗೆ ಹತ್ತಿಸಿದರು. ಪಿಳ್ಳಪ್ಪ ಅದನ್ನು ಕಲ್ಲಂಗಡಿ ತಟ್ಟಿ ನೋಡುವಂತೆ ತಟ್ಟಿದರು. "ಒಳಗೆ ಸಾಮಾನ್ ಇದೆಯೋ, ಬರೀ ಡಬ್ಬಾನೋ?"

ಇಂಜಿನ್ನಿನಿಂದ ಬ್ಯಾಟರಿಗೆ ಕರೆಂಟು ಹೋಗುವ ದಾರಿಯಲ್ಲಿ ಒಂದು ಚಿಕ್ಕ ಚಾರ್ಜರ್ ಹಾಕಬೇಕು, ಇಲ್ಲದಿದ್ದರೆ ಲಿಥಿಯಂ ಗಬಗಬನೆ ಕರೆಂಟು ಎಳೆದು, ಇಂಜಿನ್ನಿನ ಜೊತೆ ತಿರುಗಿ ಕರೆಂಟು ಮಾಡುವ ಆಲ್ಟರ್ನೇಟರನ್ನೇ ಸುಟ್ಟುಬಿಡುತ್ತದೆ ಎಂದು ಸಕ್ಲೇನ್ ಹೇಳಿದ. ಪಿಳ್ಳಪ್ಪ ಒಪ್ಪಲಿಲ್ಲ. "ಬಸ್ಸಲ್ಲೇ ಜೀವನ ಸವೆಸಿದೀನಪ್ಪಾ, ಆಲ್ಟರ್ನೇಟರ್ ವಿಷ್ಯ ನಂಗ್ ಹೇಳ್ಬೇಡ. ಹಳೇ ವೈರ್‌ಗೇ ಕೊಟ್ಬಿಡು." ಮುನಿವೆಂಕಟಮ್ಮನವರಿಗೆ ಸಕ್ಲೇನ್ ಮಾತೇ ಸರಿ ಅನ್ನಿಸಿತ್ತು. ಆದರೆ ಗಂಡ ಗಾಡಿ ಮಾರುವ ಮಾತು ಬಿಟ್ಟಿದ್ದೇ ದೊಡ್ಡದು ಎಂದುಕೊಂಡು ಸುಮ್ಮನಾದರು.

ಪರೀಕ್ಷೆಗೆಂದು ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದ ಕಡೆಗೆ ಹೊರಟರು. ಬೈಯಪ್ಪನಹಳ್ಳಿ ದಾಟುವಷ್ಟರಲ್ಲಿ ಟ್ರಾಫಿಕ್ ಹೆಪ್ಪುಗಟ್ಟಿತು. ಇಂಜಿನ್ ಗುರುಗುರು ಎನ್ನುತ್ತಿದ್ದರೂ ಗಾಡಿ ನಿಂತಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಮುನಿವೆಂಕಟಮ್ಮ ಮೂಗರಳಿಸಿದರು.

"ಏನೋ ಸುಟ್ಟ ವಾಸ್ನೆ."

"ಪಕ್ಕದ ಲಾರೀದು."

"ಅಲ್ಲ ರೀ, ನಮ್ದೇ! ಇಂಜಿನ್ ಆಫ್ ಮಾಡಿ!"

ಬಾನೆಟ್ ಎತ್ತಿದರೆ ಆಲ್ಟರ್ನೇಟರ್ ಕಾದ ಹೆಂಚಾಗಿತ್ತು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯತೊಡಗಿದವು. ಮುನಿವೆಂಕಟಮ್ಮ ಸೀರೆ ಸೆರಗು ಸಿಕ್ಕಿಸಿ, ಸ್ಪ್ಯಾನರ್ ಹಿಡಿದು ಹಿಂದಿನ ಕೋಣೆಗೆ ಹತ್ತಿ, ಹೊಸ ಬ್ಯಾಟರಿಗೆ ಹೋಗುವ ತಂತಿಯನ್ನು ಬಿಚ್ಚಿ ಅದರ ತುದಿಗೆ ಟೇಪ್ ಸುತ್ತಿದರು. ಆಲ್ಟರ್ನೇಟರ್ ಆರಿದ ಮೇಲೆ ಗಾಡಿ ಮತ್ತೆ ಶುರುವಾಯಿತು. ಮನೆಯ ಗೇಟಿನ ಹತ್ತಿರ ಪಿಳ್ಳಪ್ಪನವರೇ ಮೆಲ್ಲಗೆ ಬಾಯಿಬಿಟ್ಟರು. "ಆ ಹುಡುಗ ಹೇಳ್ದಂಗೆ ಚಾರ್ಜರ್ ಹಾಕ್ಸ್‌ಬಿಡೋಣ ಕಣೆ."

"ಆಗ್ಲಿ," ಎಂದರು ಮುನಿವೆಂಕಟಮ್ಮ. ನಗು ತಡೆಯಲು ಅವರು ಇಂದಿರಾನಗರದ ಕಡೆಗೆ ಮುಖ ತಿರುಗಿಸಬೇಕಾಯಿತು.

ಮಾರನೆಯ ದಿನ ಮೆಷಿನ್ನನ್ನೂ ಹೊತ್ತು ಶಿವಾಜಿನಗರಕ್ಕೆ ಹೋದರು, ಸಕ್ಲೇನ್ ಚಾರ್ಜರ್ ಕೂರಿಸಿದ. ಬೆಸುಗೆಯ ಕೆಲಸವನ್ನು ಮುನಿವೆಂಕಟಮ್ಮ ಬೇಡಿ ಪಡೆದು ತಾವೇ ಮಾಡಿದರು. "ಈಗ ಮೆಷಿನ್ ಹಾಕಿ ನೋಡ್ಬೇಕು," ಎಂದ ಸಕ್ಲೇನ್. "ಚಾಚಾ, ಮಲಗಿ."

"ಇಲ್ಲೇನಾ? ಮಟಮಟ ಮಧ್ಯಾಹ್ನ? ಮಾರ್ಕೆಟ್ ಗಲ್ಲೀಲಿ?"

"ಉಸಿರು ಎಳೆದ್ರೆ ತಾನೇ ಬ್ಯಾಟ್ರಿ ಮೇಲೆ ಎಷ್ಟು ಲೋಡ್ ಬೀಳ್ತದೆ ಅಂತ ಗೊತ್ತಾಗೋದು?"

ಪಿಳ್ಳಪ್ಪ ಗೊಣಗುತ್ತ ಮಾಸ್ಕ್ ಕಟ್ಟಿಕೊಂಡು ಮಲಗಿದರು. ಎರಡು ನಿಮಿಷ ಸಾಕು ಎಂದಿದ್ದರು. ತಲೆಯ ಮೇಲೆ ಫ್ಯಾನು, ಹೊಟ್ಟೆಯಲ್ಲಿ ಆಗಷ್ಟೇ ತಿಂದ ಬಿರಿಯಾನಿ. ಕಣ್ಣು ಮುಚ್ಚಿದವರು ತೆರೆಯಲೇ ಇಲ್ಲ. ಬಟ್ಟೆ ವ್ಯಾಪಾರಿಗಳ ಕೂಗು, ಬಸ್ ಸ್ಟ್ಯಾಂಡಿನ ಹಾರ್ನ್, ಮಸೀದಿಯ ಮೈಕು, ಯಾವುದೂ ಅವರನ್ನು ಮುಟ್ಟಲಿಲ್ಲ. ಮಾಂಸದಂಗಡಿಗೆ ಸರಕು ತಂದ ಟೆಂಪೊ ದಾರಿ ಸಾಲದೆ ನಿಂತಿತು. ತೆರೆದ ಬಾಗಿಲಿನಿಂದ ಪೈಪು, ಮಾಸ್ಕು ಕಂಡವರು ಗುಂಪುಗೂಡಿದರು.

"ಆಂಬುಲೆನ್ಸಾ? ಪೇಷೆಂಟ್‌ಗೆ ಏನಾಯ್ತು?" ಎಂದು ಟೆಂಪೊ ಡ್ರೈವರ್ ಅಹ್ಮದ್ ಪಾಷಾ ಕೇಳಿದ.

"ನಿದ್ದೆ ಮಾಡ್ತಿದಾರಪ್ಪ," ಎಂದರು ಮುನಿವೆಂಕಟಮ್ಮ. "ಇಷ್ಟು ಚೆನ್ನಾಗಿ ನಿದ್ದೆ ಮಾಡಿ ಎಷ್ಟೋ ದಿನ ಆಗಿತ್ತು."

ಅಹ್ಮದ್ ಪಾಷಾ ಒಳಗೆ ಇಣುಕಿ ನೋಡಿದ. ದನಿ ತಗ್ಗಿಸಿ, "ಮಲಗ್ಲಿ ಬಿಡಮ್ಮ," ಎಂದವನೇ ಸರಕನ್ನು ಕೈಗಾಡಿಯಲ್ಲಿ ಸಾಗಿಸತೊಡಗಿದ.

ಪಿಳ್ಳಪ್ಪ ಎದ್ದಾಗ ಬಿಸಿಲು ಇಳಿದಿತ್ತು. ಬಾಗಿಲ ಮುಂದೆ ಹತ್ತಾರು ಮುಖಗಳು. ಅವರಿಗೆ ನಾಚಿಕೆಯಿಂದ ಮಾಸ್ಕ್ ಕಿತ್ತು ದಿಂಬಿನಡಿ ತುರುಕಿಬಿಡಬೇಕೆನಿಸಿತು. ಅಷ್ಟರಲ್ಲಿ ಗುಂಪಿನಲ್ಲಿದ್ದ ಬುರ್ಖಾದ ಹೆಂಗಸೊಬ್ಬರು, "ಇದು ಗೊರಕೆಗಾ? ನಮ್ಮನೆಯವ್ರಿಗೂ ಹಂಗೇ ಉಸಿರು ಕಟ್ತದೆ. ಹಾಕ್ಕೊಂಡ್ರೆ ಹಿಂಸೆ ಆಗ್ತದಾ?" ಎಂದು ಕೇಳಿದರು.

ಪಿಳ್ಳಪ್ಪ ಮಾಸ್ಕನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತರು. "ಎರಡು ದಿನ ಹಿಂಸೇನೇ ಅಮ್ಮ. ಆಮೇಲೆ ಅಭ್ಯಾಸ ಆಗುತ್ತೆ. ಡಾಕ್ಟ್ರಿಗೆ ತೋರ್ಸಿ, ತಡ ಮಾಡ್ಬೇಡಿ. ಹೆಂಡ್ತೀರು ಎದ್ದಿರ್ತಾರೆ, ನಮಗೆ ಗೊತ್ತೇ ಆಗೋದಿಲ್ಲ."

ವೈರು ಸುತ್ತುತ್ತಿದ್ದ ಮುನಿವೆಂಕಟಮ್ಮ ಕೈ ನಿಲ್ಲಿಸಿ ಗಂಡನನ್ನು ನೋಡಿದರು. ಮದುವೆಯಾದಾಗಿನಿಂದ ಆ ಮನುಷ್ಯ ಮನೆಯ ವಿಷಯ ಬೀದಿಯಲ್ಲಿ ಆಡಿದ್ದನ್ನು ಅವರು ಕೇಳಿರಲಿಲ್ಲ.

ಆ ಶನಿವಾರವೇ ಆವಣಿ ಬೆಟ್ಟಕ್ಕೆ ಹೊರಟರು. ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ, ಮುದ್ದೆ ಸಾರು ಮಾಡಿ ಉಂಡು ಮಲಗಿದರು. ಮುನಿವೆಂಕಟಮ್ಮನವರಿಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು, ಪಕ್ಕದಲ್ಲಿ ಗಂಡ ಇರಲಿಲ್ಲ. ಹೊರಗೆ ಕಾಫಿಯ ಲೋಟ ಹಿಡಿದು ಪಿಳ್ಳಪ್ಪ ಬಂಡೆಯ ಮೇಲೆ ಕೂತಿದ್ದರು.

"ನನ್ನ ಎಬ್ಬಿಸ್ಬಾರ್ದಿತ್ತಾ?"

"ಎರಡು ಸಲ ಕರೆದೆ. ನೀನೂ ಗೊರಕೆ ಹೊಡೀತೀಯ ಕಣೆ," ಎಂದು ಅವರು ಇನ್ನೊಂದು ಲೋಟಕ್ಕೆ ಕಾಫಿ ಬಗ್ಗಿಸಿದರು. "ಬ್ಯಾಟ್ರಿ ಅರ್ಧಕ್ಕಿಂತ ಜಾಸ್ತೀನೇ ಇದೆ. ಇವತ್ತೂ ಇಲ್ಲೇ ಇರೋಣ್ವಾ?"

"ಇರೋಣ," ಎಂದ ಮುನಿವೆಂಕಟಮ್ಮ ಬಂಡೆಯ ಮೇಲೆ ಸ್ವಲ್ಪ ಸರಿದು ಕೂರುವಂತೆ ಗಂಡನಿಗೆ ಕೈ ಮಾಡಿದರು.